ಎರಡು ಚಂದ್ರಣ್ಣ ಕ್ಯಾರಿಯರ್‌ಗಳು

ಒಂದು ಇಡ್ಲಿಗೆ ಮೂರು ಸಲ ಸಾಂಬಾರು ಹಾಕಿಸಿಕೊಳ್ಳುವವರನ್ನು ಕಂಡರೆ, ಇವರು ಯಾವುದೋ ಕಾಲದಲ್ಲಿ ರೂಮು ಮಾಡಿಕೊಂಡು ಓದಿದವರು ಎಂದು ನಾನು ಕೂಡಲೇ ಹೇಳಬಲ್ಲೆ. ಅದರಲ್ಲಿ ನನ್ನ ಜಾಣತನವೇನೂ ಇಲ್ಲ. ನಾನೂ ಅದೇ ಗುಂಪಿನವನು. ಇವತ್ತಿಗೂ ಹೋಟೆಲಿನಲ್ಲಿ ಸಾಂಬಾರಿನ ಬಕೆಟ್ಟು ಹತ್ತಿರ ಬಂದರೆ ನನ್ನ ಕೈ ತಾನಾಗಿಯೇ ತಟ್ಟೆಯನ್ನು ಮುಂದೆ ತಳ್ಳುತ್ತದೆ. ಹೆಂಡತಿ ಬೇರೆ ಕಡೆ ನೋಡುತ್ತಾಳೆ.

ತೊಂಬತ್ತರ ದಶಕದ ತುಮಕೂರಿನಲ್ಲಿ ಬಡ ವಿದ್ಯಾರ್ಥಿಯೊಬ್ಬ ಚೆನ್ನಾಗಿ ಉಣ್ಣುವುದಕ್ಕೆ ಇದ್ದ ವಿದ್ಯೆಗಳಲ್ಲಿ ಈ ಸಾಂಬಾರು ಮೊದಲನೆಯದು. ಅದನ್ನು ನನಗೆ ಕಲಿಸಿದವನು ರೂಮಿನ ಜೊತೆಗಾರ, ಗುಬ್ಬಿಯ ರಮೇಶ. ಇಡ್ಲಿ ಬರೀ ನೆಪ, ಹೊಟ್ಟೆ ತುಂಬಿಸುವುದು ಸಾಂಬಾರು ಎಂಬುದು ಅವನ ಸಿದ್ಧಾಂತ. ಎರಡನೆಯ ವಿದ್ಯೆ ಬಸ್ಸಿನದು. ಯಡಿಯೂರಿನಿಂದ ಕುಣಿಗಲ್ ಮೇಲೆ ತುಮಕೂರಿಗೆ ಬರುತ್ತಿದ್ದ ಪ್ರೈವೇಟ್ ಬಸ್ಸು ನಮ್ಮೂರಿನ ಗೇಟಿನಲ್ಲಿ ನಿಲ್ಲುತ್ತಿತ್ತು. ಅಮ್ಮ ಬೆಳಗಿನ ಅಡುಗೆಯನ್ನು ಕ್ಯಾರಿಯರಿಗೆ ತುಂಬಿ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ನಾನು ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಇಳಿಸಿಕೊಂಡು, ಸಂಜೆ ಹಿಂದಿರುಗುವ ಬಸ್ಸಿಗೆ ಖಾಲಿ ಕ್ಯಾರಿಯರನ್ನು ಹತ್ತಿಸುತ್ತಿದ್ದೆ. ಊರೂರಿನ ಅಡುಗೆಮನೆಗಳು ಹೀಗೆ ಇಂಜಿನ್ನಿನ ಪಕ್ಕ ಸಾಲಾಗಿ ಕೂತು, ಬಿಸಿ ಆರದ ಹಾಗೆ, ತುಮಕೂರಿಗೆ ಬರುತ್ತಿದ್ದವು.

ನಮ್ಮ ಕ್ಯಾರಿಯರಿನ ಮೈಮೇಲೆ ಚುಕ್ಕಿ ಅಕ್ಷರದಲ್ಲಿ ‘ಚಂದ್ರಣ್ಣ, ರೈಸ್ ಮಿಲ್’ ಎಂದು ಕೊರೆದಿತ್ತು. ನಮ್ಮ ಕಡೆ ಮದುವೆಗೆ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ಇಲ್ಲದಿದ್ದರೆ ಕೊಟ್ಟದ್ದಕ್ಕೆ ಸಾಕ್ಷಿ ಏನು? ನಮ್ಮ ಅಕ್ಕನ ಮದುವೆಗೆ ಬಂದ ಉಡುಗೊರೆ ಅದು. ಆ ಹೆಸರನ್ನು ಓದಿಕೊಂಡ ಕಂಡಕ್ಟರ್ ನನ್ನನ್ನು ಮೂರು ವರ್ಷವೂ ಚಂದ್ರಣ್ಣ ಎಂದೇ ಕರೆದ. ನಾನೂ ಓ ಎಂದೆ. ಅನ್ನ ತರುವವನ ಹತ್ತಿರ ಹೆಸರಿಗಾಗಿ ಜಗಳವಾಡುವ ಮೂರ್ಖ ನಾನಲ್ಲ.

ಚಂದ್ರಣ್ಣನವರು ಒಂದೇ ನಮೂನೆಯ ಕ್ಯಾರಿಯರುಗಳನ್ನು ಒಟ್ಟಿಗೆ ಕೊರೆಸಿಟ್ಟುಕೊಂಡು, ಕರೆದವರ ಮದುವೆಗೆಲ್ಲ ಒಂದೊಂದು ಕೊಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಒಂದು ಭಾನುವಾರ. ಆ ದಿನ ನಮ್ಮ ಮನೆಯಿಂದ ಕೋಳಿ ಸಾರು ಬರುವುದಿತ್ತು. ರಮೇಶ ಬೆಳಗ್ಗೆಯಿಂದ ಸಾಂಬಾರನ್ನೂ ಮುಟ್ಟದೆ ಕಾದಿದ್ದ. ಮಧ್ಯಾಹ್ನ ಮುಚ್ಚಳ ತೆಗೆದರೆ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹುಚ್ಚೆಳ್ಳು ಚಟ್ನಿ. ನಾನು ಯೋಚಿಸುವ ಮೊದಲೇ ಒಂದು ತುಂಡು ರೊಟ್ಟಿ ಬಾಯೊಳಗೆ ಹೋಗಿಯಾಗಿತ್ತು.

“ಲೇ, ಕೋಳಿ ಎಲ್ಲೋ?” ಎಂದ ರಮೇಶ, ಅಳುವ ದನಿಯಲ್ಲಿ.

ಆಗ ನನಗೆ ಹೊಳೆಯಿತು. ರೊಟ್ಟಿ ಇಲ್ಲಿಗೆ ಬಂದಿದೆ ಎಂದರೆ ಕೋಳಿ ಎಲ್ಲಿಗೋ ಹೋಗಿದೆ. ಬಸ್ ಸ್ಟ್ಯಾಂಡಿಗೆ ಓಡಿದೆ. ಕಂಡಕ್ಟರ್ ಟೀ ಕುಡಿಯುತ್ತಾ ನಿಂತಿದ್ದ.

“ಅಯ್ಯೋ, ಇನ್ನೊಬ್ರು ಚಂದ್ರಣ್ಣ ಅವ್ರೆ ಕಣೋ. ಯಡಿಯೂರ್ ಕಡೆಯೋರು, ಹೊಸದಾಗಿ ಬಿ.ಎಡ್.ಗೆ ಸೇರವ್ರೆ. ಶೆಟ್ಟಿಹಳ್ಳೀಲಿ ಹಿಟ್ಟಿನ ಗಿರಣಿ ಮೇಲ್ಗಡೆ ರೂಮು. ದಿನಾ ಪೂಜೆ ಮಾಡ್ದೆ ಊಟ ಮಾಡಾಕಿಲ್ಲ ಅವ್ರು,” ಎಂದವನೇ ನಾಲಿಗೆ ಕಚ್ಚಿಕೊಂಡ.

ಬಾಡಿಗೆ ಸೈಕಲ್ಲಿನ ಹ್ಯಾಂಡಲಿಗೆ ಕ್ಯಾರಿಯರ್ ನೇತುಹಾಕಿಕೊಂಡು ಶೆಟ್ಟಿಹಳ್ಳಿಗೆ ತುಳಿದೆ. ಪೂಜೆ ಮುಗಿಸಿ ಕೂತವರ ಎದುರಿಗೆ ಕೋಳಿಯ ಕಾಲು! ಬಯ್ಯಲಿ, ಹೊಡೆಯಲಿ, ಅವರು ಬಾಯಿಗಿಡುವ ಮೊದಲು ನಾನು ತಲುಪಿದರೆ ಸಾಕು ಎನ್ನಿಸಿತ್ತು.

ಬಿ.ಎಡ್. ಓದುವ ಆ ಮೇಷ್ಟ್ರು ಬಾಗಿಲಲ್ಲೇ ಕೂತಿದ್ದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಹಣೆಯ ತುಂಬ ವಿಭೂತಿ. ನಮ್ಮ ಕ್ಯಾರಿಯರು ಮುಚ್ಚಳ ಬಿಗಿದುಕೊಂಡು ಕಿಟಕಿಯ ಮೇಲಿತ್ತು.

“ಬಾರಪ್ಪ. ವಾಸ್ನೆಗೇ ಗೊತ್ತಾಯ್ತು, ಮುಚ್ಚಿಟ್ಟೆ. ಯಾರೋ ತಾಯಿ ಮಾಡಿ ಕಳ್ಸಿರೋದು, ಚೆಲ್ಲಕ್ ಕೈ ಬರ್ಲಿಲ್ಲ. ಯಾರಾದ್ರೂ ಬತ್ತಾರೆ ಅಂತ ಕಾಯ್ತಿದ್ದೆ.”

ಹಸಿದುಕೊಂಡು ಕಾದಿದ್ದರು. ನಾನು ಅವರ ಕ್ಯಾರಿಯರ್ ಮುಂದಿಟ್ಟೆ. ಮುರಿದ ರೊಟ್ಟಿಯನ್ನು ನೋಡಿ ಅವರು ಕೇಳಿದ್ದು ಒಂದೇ ಮಾತು, “ಹೆಂಗಿತ್ತು? ನಮ್ಮನೇವ್ರು ತಟ್ಟಿದ್ದು.” ತುಂಬಾ ಚೆನ್ನಾಗಿತ್ತು ಎಂದೆ. ಹಾಗಾದರೆ ಕೂತ್ಕೋ ಎಂದು ಅರ್ಧ ನನಗೆ ಬಡಿಸಿದರು. ಅಂಥ ಹುಚ್ಚೆಳ್ಳು ಚಟ್ನಿಯನ್ನು ನಾನು ಮತ್ತೆಲ್ಲೂ ತಿಂದಿಲ್ಲ. ಕೋಳಿ ಸಂಜೆ ರಮೇಶನ ಪಾಲಾಯಿತು. ಅವನ ದುಃಖ ಶಮನವಾಯಿತು.

ಊರಿಗೆ ಹೋದಾಗ ಅಮ್ಮನಿಗೆ ಹೇಳಿದೆ. “ಅಯ್ಯೋ ಶಿವನೇ!” ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು. ಆಮೇಲೆ ಆ ಮಾತೇ ಎತ್ತಲಿಲ್ಲ. ಮುಂದಿನ ಭಾನುವಾರ ಬಸ್ಸಿನಲ್ಲಿ ನಮ್ಮ ಕ್ಯಾರಿಯರಿಗೆ ಕೆಂಪು ದಾರ ಕಟ್ಟಿತ್ತು. ಅದರ ಜೊತೆಗೆ ಮಡಿ ಬಟ್ಟೆಯಲ್ಲಿ ಸುತ್ತಿದ ಹೊಸ ಡಬ್ಬಿ. ಕಂಡಕ್ಟರ್ ಅಮ್ಮನ ಮಾತನ್ನು ಅವಳದೇ ರಾಗದಲ್ಲಿ ಒಪ್ಪಿಸಿದ.

“ಹೊಸಾ ಡಬ್ಬಿ, ಇದರಲ್ಲಿ ಏನೂ ಹಾಕಿರ್ಲಿಲ್ವಂತೆ. ತಲೆ ಮೇಲೆ ನೀರ್ ಹುಯ್ಕೊಂಡು ಮೊದ್ಲು ಇದನ್ನ ಮಾಡಿ, ಆಮೇಲೆ ಕೋಳಿ ಮುಟ್ಟಿದ್ದಂತೆ. ಮೇಷ್ಟ್ರಿಗೆ ಕೊಡ್ಬೇಕಂತೆ. ತಿನ್ನದಿದ್ರೂ ಬೇಜಾರಿಲ್ವಂತೆ.”

ಬೇಜಾರಿಲ್ಲ ಎಂಬುದು ಸುಳ್ಳು ಎಂದು ನನಗೆ ಗೊತ್ತಿತ್ತು. ಶೆಟ್ಟಿಹಳ್ಳಿಗೆ ಹೋಗುವಾಗ ಮೊದಲ ಸಲಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಕೋಳಿ ಹೋದದ್ದು ಬಸ್ಸಿನ ತಪ್ಪು. ಇದನ್ನು ಅಮ್ಮ ಮನಸಾರೆ ಕಳಿಸಿದ್ದಾಳೆ. ಅವರ ಪದ್ಧತಿ ಅವರಿಗೆ, ಬೇಡ ಎಂದರೆ ತಪ್ಪೆನ್ನುವ ಹಾಗೂ ಇಲ್ಲ. ಆದರೆ ಅಮ್ಮನಿಗೆ ಏನು ಹೇಳಲಿ?

ಮೇಷ್ಟ್ರು ಡಬ್ಬಿಯನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡರು. ಮುಚ್ಚಳ ತೆಗೆದರು. ಬೆಲ್ಲ ಕಾಯಿ ತುಂಬಿದ ಕಡುಬು. ಒಂದನ್ನು ಮುರಿದು ಬಾಯಿಗಿಟ್ಟುಕೊಂಡರು. ಆಮೇಲೆ ಡಬ್ಬಿ ಮುಗಿಯುವವರೆಗೆ ಅವರ ಕೈ ನಿಲ್ಲಲಿಲ್ಲ. ನನಗೆ ಒಂದೂ ಕೊಡಲಿಲ್ಲ. ನನಗಾದ ಖುಷಿಯಲ್ಲಿ ಅದು ಗಮನಕ್ಕೂ ಬರಲಿಲ್ಲ.

ಚೆನ್ನಾಗಿ ಉಣ್ಣುವುದು ಎಂದರೆ ಏನೆಂದು ನಾನು ಅಷ್ಟು ದಿನ ಹೊಟ್ಟೆಯ ಕಡೆಯಿಂದ ಮಾತ್ರ ಯೋಚಿಸಿದ್ದೆ. ಉಂಡವನ ಹೊಟ್ಟೆಯ ಜೊತೆಗೆ ಕಳಿಸಿದವಳ ಹೊಟ್ಟೆ ತುಂಬುವುದೂ ಒಂದಿದೆ ಎಂದು ಹೊಳೆದದ್ದು ಆ ಡಬ್ಬಿ ವಾಪಸು ಹೋದಾಗ. ಅದು ಖಾಲಿ ಹೋಗಲಿಲ್ಲ. ಊರಿನಲ್ಲಿದ್ದ ಮೇಷ್ಟ್ರ ಮನೆಯವರು ಅದಕ್ಕೆ ಹುಚ್ಚೆಳ್ಳು ಚಟ್ನಿಪುಡಿ ತುಂಬಿ ಬಸ್ಸಿನಲ್ಲಿ ಕಳಿಸಿದ್ದರು. ನಾನೇ ಊರಿಗೆ ಒಯ್ದೆ.

“ತಿಂದ್ರಾ?” ಎಂದಳು ಅಮ್ಮ, ನನ್ನ ಮುಖ ನೋಡದೆ.

“ಎಲ್ಲಾ ತಿಂದ್ರು ಕಣಮ್ಮ. ನಂಗೂ ಬುಡ್ಲಿಲ್ಲ.”

ಅವಳು ಮುಚ್ಚಳ ತೆಗೆದು ಒಂದು ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದಳು.

“ಉಪ್ಪು ಒಸಿ ಕಮ್ಮಿ ಆಗೈತೆ,” ಎಂದಳು. ಎಂದವಳೇ, ಮತ್ತೆ ಅಂಗೈ ಚಾಚಿ ಡಬ್ಬಿ ಬಗ್ಗಿಸಿದಳು.