ಶುಕ್ರವಾರ ಹ್ಯಾಂಡಲ್ ಲಾಕ್ ಹಾಕಬಾರದು

ಗಂಗಾನಗರದ ಆ ಮಸೀದಿ ಗಲ್ಲಿಯಲ್ಲಿ ಶುಕ್ರವಾರಕ್ಕೊಂದು ಕಟ್ಟಳೆ ಇದೆ. ಬೈಕನ್ನು ನ್ಯೂಟ್ರಲ್‌ನಲ್ಲಿ ಬಿಡಬೇಕು, ಹ್ಯಾಂಡಲ್ ಲಾಕ್ ಹಾಕಬಾರದು. ಮೊದಲು ಹೊರಡುವವನು ಅಡ್ಡ ಇದ್ದದ್ದನ್ನು ಸರಿಸಿ ತನ್ನದನ್ನು ಎಳೆದುಕೊಳ್ಳುತ್ತಾನೆ. ಇದನ್ನು ಕಾಯುವವನು ಹೊಲಿಗೆ ಮಿಷನ್ ರಿಪೇರಿಯ ವಹಾಬ್. ವಾರವಾರವೂ ನಮಾಜಿಗೆ ಮುಂಚೆ ಬಂದು, "ಮೂತಿ ರೋಡಿನ ಕಡೆ ತಿರುಗಿಸ್ರಪ್ಪಾ, ಕಾರಿನ ಬಾಗಿಲಿಗೆ ಜಾಗ ಬಿಡ್ರಪ್ಪಾ" ಎಂದು ಗಂಟಲು ಹರಿದುಕೊಳ್ಳುತ್ತಾನೆ. ಯಾರೂ ಕೊಟ್ಟ ಕೆಲಸವಲ್ಲ; ಯಾರೂ ಕೇಳುವುದೂ ಇಲ್ಲ.

ಆ ಶುಕ್ರವಾರ ಅವನ ಹೆಂಡತಿ ಸಬೀರಾ ಅಕ್ಕನ ಮಗಳ ನಿಕಾಹ್‌ಗೆಂದು ಯಶವಂತಪುರದಲ್ಲಿ ದಾವಣಗೆರೆ ರೈಲು ಹಿಡಿಯಬೇಕಿತ್ತು. ಆಟೋದಲ್ಲಿ ಹೋಗ್ತೀನಿ ಅಂದವಳನ್ನು, "ನಾನಿಲ್ವಾ? ನಮಾಜ್ ಮುಗಿದ ತಕ್ಷಣ ಬರ್ತೀನಿ" ಎಂದು ತಡೆದವನು ಇದೇ ಪುಣ್ಯಾತ್ಮ.

ನಮಾಜ್ ಮುಗಿಸಿ ಓಡಿ ಬಂದರೆ ಅವನ ಗಾಡಿಗೆ ಅಡ್ಡಲಾಗಿ ಹೊಸ ಬುಲೆಟ್. ತಳ್ಳಿದ. ಜಗ್ಗಲಿಲ್ಲ. ಹ್ಯಾಂಡಲ್ ಲಾಕ್!

"ಯಾವನಯ್ಯಾ ಇವ್ನು? ಮಾವನ ಮನೆ ಅಂಗಳದಲ್ಲಿ ನಿಲ್ಸಿದಂಗೆ ನಿಲ್ಸಿದಾನೆ!"

ಎದುರಿನ ಅಂಗಡಿಯ ಸರ್ಫರಾಜ್ ನಕ್ಕ. "ಮತ್ತಿಕೆರೆ ಕಾಲೇಜಿನ ಹುಡುಗ ಸಾಕಿಬ್‌ದು, ವಹಾಬ್ ಭಾಯ್. ಹೊಸಬ. ಒಳಗೆ ಕೂತು ದುವಾ ಮಾಡ್ತಿದಾನೆ."

"ಬುಲೆಟ್ ಕಳುವಾಗ್ದಿರ್ಲಿ ಅಂತಾನಾ?"

ದುವಾ ಮಾಡುವವನನ್ನು ಎಬ್ಬಿಸುವಂತಿಲ್ಲ. ಸಬೀರಾಳ ಕರೆ ಬಂದು ಬಂದು ಜೇಬಿನಲ್ಲಿ ಫೋನು ಒದ್ದಾಡುತ್ತಲೇ ಇತ್ತು. ಕಡೆಗೆ ಇಬ್ಬರೂ ಸೇರಿ ಬುಲೆಟ್‌ನ ಹಿಂಭಾಗ ಎತ್ತಿ ಪಕ್ಕಕ್ಕಿಟ್ಟರು. ವಹಾಬನ ಸೊಂಟ ಕಟಕ್ಕೆಂದಿತು.

ಮನೆಯ ಬಾಗಿಲಲ್ಲಿ ಸಬೀರಾ ಬ್ಯಾಗನ್ನು ಅವನ ಮುಂದಿಟ್ಟು ಹಿಂದೆ ಹತ್ತಿ ಕುಳಿತಳು. ಮೊದಲ ತಿರುವಿನಲ್ಲೇ ಅವಳ ಅವಸರ ಶುರುವಾಯಿತು. ಬೀದಿಯ ಎರಡೂ ಬದಿ ಸಾಲುಗಟ್ಟಿ ನಿಂತ ಕಾರುಗಳು.

"ಕಾರಿನ ಪಕ್ಕದಲ್ಲೇ ನುಗ್ಗಿ ಜೀ, ಅಷ್ಟು ಜಾಗ ಇದೆ!"

"ಅದು ಅವರು ಬಾಗಿಲು ತೆಗೆಯೋ ಜಾಗ ಕಣೇ."

ಹಿಂದಿನಿಂದ ಒಬ್ಬ ಹಾರ್ನ್ ಒತ್ತಿದ. "ಏನ್ ಅಂಕಲ್, ಮೆರವಣಿಗೆನಾ?"

ವಹಾಬ್ ಹಲ್ಲು ಕಚ್ಚಿಕೊಂಡು ನಡುವಿನಲ್ಲೇ ನಿಧಾನವಾಗಿ ಹೋದ. ಒಂದೊಂದು ಕಾರಿನ ಸೀಟಿನಲ್ಲೂ ತಲೆ ಕಾಣುತ್ತದೆಯೇ, ಮುಂದಿನ ಚಕ್ರ ಹೊರಳಿದೆಯೇ ನೋಡುತ್ತಿದ್ದ. ಒಂದು ಬಿಳಿ ಕಾರಿನಲ್ಲಿ ತಲೆ ಅಲ್ಲಾಡಿತು. ಬ್ರೇಕ್ ಹಿಡಿಯುವುದಕ್ಕೂ ಬಾಗಿಲು ಬಿರ್ರನೆ ತೆರೆಯುವುದಕ್ಕೂ ಸರಿಹೋಯಿತು. ಸಬೀರಾ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ನೋಡ್ಕೊಂಡ್ ಬರಕ್ಕಾಗಲ್ವೇನ್ರೀ?" ಎಂದ ಕಾರಿನವನು.

"ಇನ್ನೊಂದಿನ ನಿಮ್ಮನೆ ಹತ್ರಾನೇ ಬಂದು ಬೈತೀನಿ ಸ್ವಾಮಿ. ಇವತ್ತು ಪುರುಸೊತ್ತಿಲ್ಲ."

ಯಶವಂತಪುರ ಸ್ಟೇಷನ್ನಿನ ಬೈಕ್ ಸ್ಟ್ಯಾಂಡ್ ತುಂಬಿ ತುಳುಕುತ್ತಿತ್ತು. "ಫುಲ್, ಫುಲ್! ಆ ಕಡೆ ಗೇಟಿಗೆ ಹೋಗಿ" ಎಂದು ಕಾವಲುಗಾರ ಕೈ ಬೀಸಿದ.

"ಯಾವ್ದಾದ್ರೂ ಗಾಡಿ ಹಿಂದೆ ಬಿಸಾಕಿ ಬನ್ನಿ ಜೀ, ರೈಲು ಹೋಗತ್ತೆ!"

"ಇನ್ನೊಬ್ಬನಿಗೆ ಅಡ್ಡ ಇಡ್ಲಾ? ಅವನೂ ಎಲ್ಲಿಗೋ ಓಡ್ಬೇಕಾಗಿರುತ್ತೆ."

"ಹಂಗಾದ್ರೆ ಗಾಡೀನೇ ಕಟ್ಕೊಂಡಿರಿ!" ಸಬೀರಾ ಬ್ಯಾಗ್ ಕಿತ್ತುಕೊಂಡು ಓಡಿದಳು.

ವಹಾಬ್ ಆ ಗೇಟಿಗೆ ಹೋದ, ಅಲ್ಲೂ ಫುಲ್. ಮತ್ತೆ ಈ ಗೇಟಿಗೆ ಬಂದ. ಫೋನು ಬಂತು, ರಸ್ತೆಯ ಅಂಚಿಗೆ ಸರಿದು ನಿಂತು ಎತ್ತಿದ.

"ಹತ್ತಿದೀನಿ. ಕಿಟಕಿ ಸೀಟು. ಎಲ್ಲಿದೀರಿ? ಒಂದ್ಸಲ ಮುಖ ತೋರ್ಸಿ."

"ಗಾಡಿ ನಿಲ್ಲಿಸ್ತಿದೀನಿ ಕಣೇ."

"ಇನ್ನೂನಾ?" ಅವಳ ನಗುವಿನ ಹಿಂದೆಯೇ ರೈಲು ಕೂಗಿತು. "ಅನ್ನ ಒಲೆ ಮೇಲಿದೆ, ಸಾರು ಬಿಸಿ ಮಾಡ್ಕೊಳ್ಳಿ. ಬರೋ ದಿನ ನಾನು ಆಟೋದಲ್ಲೇ ಬರ್ತೀನಿ."