ಹಲಗೆ ಬಾರದ ಕೊನೆಯ ದೃಶ್ಯ

ಮೂಕಿ ಚಿತ್ರವನ್ನು ಮೌನವಾಗಿ ನೋಡುವ ಪ್ರೇಕ್ಷಕನನ್ನು ನಾನಿನ್ನೂ ಕಂಡಿಲ್ಲ. ಪಾತ್ರಗಳು ಮಾತಾಡದಿದ್ದರೆ ಆ ಹೊಣೆ ತಮ್ಮದೆಂದು ಭಾವಿಸುವ ಪರೋಪಕಾರಿಗಳು ಪ್ರತಿ ಸಾಲಿನಲ್ಲೂ ಇರುತ್ತಾರೆ. ಕಳೆದ ಭಾನುವಾರ ಪುಣೆಯ ಸಭಾಗೃಹವೊಂದರಲ್ಲಿ ಹಳೆಯ ಕಾಲದ ಪ್ರಣಯಚಿತ್ರವೊಂದು ತೆರೆಯ ಮೇಲೆ ಮೂಡಿದಾಗ ಆ ಪುಣ್ಯಕಾರ್ಯ ನನ್ನ ಪಾಲಿಗೇ ಬಂದಿತ್ತು.

ಕಾರಣವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅದಕ್ಕೂ ನಾಲ್ಕು ದಿನ ಮೊದಲು, ಮಧ್ಯಾಹ್ನದ ನಿದ್ರೆಯನ್ನು ನಗರಧರ್ಮವೆಂದು ಪಾಲಿಸುವ ಪುಣೆಯ ಸದಾಶಿವ ಪೇಠದ ನಿವಾಸಿಯಾದ ನಾನು, ಊಟದ ಭಾರವನ್ನು ಮಂಚಕ್ಕೆ ಒಪ್ಪಿಸಲು ಹೋಗಿ ಹೆಂಡತಿ ಸುಮಿತ್ರಾಳ ಕನ್ನಡಕದ ಮೇಲೆ ಆಸೀನನಾದೆ. ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು, "ಕನ್ನಡಕ ಮಂಚದ ಮ್ಯಾಲ ಯಾರ ಇಡ್ತಾರ?" ಎಂದೆ. ಮೂವತ್ತು ವರ್ಷದ ದಾಂಪತ್ಯದ ನಂತರವೂ ಇಂಥ ಪ್ರಶ್ನೆ ಕೇಳುವ ಧೈರ್ಯ ಎಲ್ಲಿಂದ ಬಂತೋ ಕಾಣೆ.

ಅಂದಿನಿಂದ ಮಾತು ಬಂದ್. ಗೇಟು, ಗಂಟೆ, ಮೆಟ್ಟಿಲುಗಳಿಗೆಲ್ಲ ಒಂದೊಂದು ಖಡಕ್ ಫಲಕ ತೂಗುಹಾಕಿ ಜಗತ್ತಿನೊಡನೆ ಸಂಭಾಷಿಸುವ ಈ ಊರಿನ ವಿದ್ಯೆಯನ್ನು ಧಾರವಾಡದ ಈ ಹೆಣ್ಣುಮಗಳು ಇಷ್ಟು ಚೆನ್ನಾಗಿ ಕಲಿತಿದ್ದಾಳೆಂದು ನನಗೆ ತಿಳಿದಿರಲಿಲ್ಲ. ಅಡುಗೆಮನೆಯ ಕಪಾಟಿನ ಮೇಲೆ ಚೀಟಿ: 'ಚಹಾ ಆಗಿದೆ. ಆರಿದ್ದರೆ ದೋಷ ಕುಡಿಯುವವರದು.' ಕುರ್ಚಿಯ ಮೇಲೆ ಇನ್ನೊಂದು: 'ಕುಳಿತುಕೊಳ್ಳುವ ಮೊದಲು ನೋಡುವುದು.' ದೂರದ್ದು ಕಾಣದಿದ್ದರೂ ಹತ್ತಿರದ್ದನ್ನು ಬರೆಯಲು ಅವಳಿಗೆ ಕನ್ನಡಕ ಬೇಡವೆಂಬುದು ನನ್ನ ದುರ್ದೈವ. ಚೀಟಿ ಓದಿ ನಗು ಬರುತ್ತಿತ್ತು. ಆದರೆ ಅವಳ ದನಿಯಿಲ್ಲದ ಮನೆಯಲ್ಲಿ ನನಗೆ ಭಾರಿ ಬೇಸರವಾಗಿತ್ತು.

ಸಿನಿಮಾದ ಪಾಸು ಮೊದಲೇ ಕೈಸೇರಿತ್ತು, ಹೊಸ ಕನ್ನಡಕ ಇನ್ನೂ ಅಂಗಡಿಯಲ್ಲಿತ್ತು. ಹೀಗಾಗಿ ತೆರೆಯ ಮೇಲೆ ಇಂಗ್ಲಿಷ್ ಸಂಭಾಷಣೆ ಬರೆದ ಕಪ್ಪು ಹಲಗೆ ಬಂದಾಗಲೆಲ್ಲ ನಾನದನ್ನು ಕನ್ನಡಕ್ಕಿಳಿಸಿ ಗಾಳಿಗೆ ಹೇಳುವವನಂತೆ ಹೇಳುತ್ತಿದ್ದೆ. ಅವಳು ಗಾಳಿಯಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ, ಚಿತ್ರ ಮೂಕಿಯೆಂಬ ಭರವಸೆಯ ಮೇಲೆಯೇ ತಾವು ಬಂದದ್ದೆಂದು ಮರಾಠಿಯಲ್ಲಿ ಸವಿನಯವಾಗಿ ಗದರಿದರು.

ಕೊನೆಯ ದೃಶ್ಯ ಬಂತು. ಮುನಿಸಿಕೊಂಡು ಮನೆ ಬಿಟ್ಟ ನಾಯಕಿ ದೋಣಿಯೇರಲು ನಿಂತಿದ್ದಾಳೆ. ನಾಯಕ ಓಡಿಬಂದು ಏನೋ ಹೇಳುತ್ತಾನೆ. ತುಟಿಗಳು ಅಲುಗುತ್ತವೆ, ಹಲಗೆ ಮಾತ್ರ ಬರುವುದಿಲ್ಲ. ಅವಳು ದೋಣಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿ ಕೈ ಚಾಚುತ್ತಾಳೆ. ಅಲ್ಲಿಗೆ ಚಿತ್ರ ಮುಗಿಯಿತು. ಅಷ್ಟು ಹೊತ್ತು ಬೇಡದ್ದನ್ನೆಲ್ಲ ಬರೆದು ತೋರಿಸಿದ ನಿರ್ದೇಶಕ ಮಹಾಶಯ, ಬೇಕಾದ ಒಂದೇ ಮಾತನ್ನು ನುಂಗಿಕೊಂಡಿದ್ದ.

ದೀಪ ಹತ್ತಿದಾಗ ಸುಮಿತ್ರಾ ಗಾಳಿಯ ಮಧ್ಯಸ್ಥಿಕೆಯಿಲ್ಲದೆ ನನ್ನನ್ನೇ ನೇರವಾಗಿ ಕೇಳಿದಳು: "ಏನಂದನ್ರೀ ಅಂವಾ?"

ಗೊತ್ತಿಲ್ಲ ಎನ್ನುವುದೇ ಸತ್ಯ. ಆದರೆ ಇನ್ನು ಒಂದು ಚೀಟಿಯನ್ನೂ ಓದುವ ತ್ರಾಣ ನನ್ನಲ್ಲಿರಲಿಲ್ಲ.

"ತಪ್ಪಾತು ಅಂದ," ಎಂದೆ. "ನೋಡದ ಕೂತೆ, ಮ್ಯಾಲ ನಿನಗ ಜೋರು ಮಾಡಿದೆ, ತಪ್ಪು ನಂದ ಅದ ಅಂದ."

ಅವಳು ಸೆರಗು ಸರಿಮಾಡಿಕೊಂಡಳು. "ನನಗ ಅಕ್ಷರ ಕಾಣೂದಿಲ್ಲ, ಖರೆ. ಹಲಗಿ ಬರಲಿಲ್ಲ ಅನ್ನೂದು ಕಾಣತದರಿ," ಎಂದಳು. ಎದ್ದು ಹೋಗುವಳೆಂದು ಹೆದರಿದೆ. ಅವಳು ಕುಳಿತೇ ಇದ್ದಳು. "ಇನ್ನೊಮ್ಮೆ ಹೇಳ್ರಿ, ಏನಂದ?"

ಮುಂದಿನ ಸಾಲಿನ ಹಿರಿಯರು ಇನ್ನೂ ಚಪ್ಪಲಿ ಹುಡುಕುತ್ತಿದ್ದರು. ನಾನು ಇನ್ನೊಮ್ಮೆ ಹೇಳಿದೆ, ಈ ಸಲ ಸ್ವಲ್ಪ ಜೋರಾಗಿಯೇ.