ಪರದೆ ಹಾಕಿದಾಗ ಕರೆಯಬೇಡಿ

ಊರಿನ ಅರ್ಧ ಮನೆಗಳ ಕಿಟಕಿ ಮುಚ್ಚಿದವಳು ಪರದೆಯಕ್ಕ. ಅವಳು ಕೆಲಸ ಮಾಡುವ ಪರದೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಬಟ್ಟೆ ಅಳೆದು, ನೆರಿಗೆ ಹಿಡಿದು, ಮೇಲಂಚಿಗೆ ಉಂಗುರ ಹಾಕಿ, ಕೆಳಗೆ ಮಡಿಸಿ ಹೊಲಿದು ಕೊಡುತ್ತಾಳೆ. ಅವಳ ಸ್ವಂತ ಮನೆಯ ವಿಷಯ ಮಾತ್ರ ಕೇಳಬೇಡಿ. ಒಂದು ಹಜಾರ, ಒಂದು ಕೋಣೆ, ಒಂದು ಅಡುಗೆಮನೆ. ಹಜಾರದಲ್ಲಿ ಅತ್ತೆಯ ಮಂಚ, ಬಸ್ಸು ಓಡಿಸಿ ಬಂದು ಕಾಲು ಚಾಚುವ ಗಂಡನ ಕುರ್ಚಿ. ಕೋಣೆಯಲ್ಲಿ ಪರೀಕ್ಷೆಗೆ ಓದುವ ಮಗಳು. ಇನ್ನು ಇವಳು ಎಲ್ಲಿರುತ್ತಾಳೆ ಅಂದರೆ, ಯಾರು ಕರೆಯುತ್ತಾರೋ ಅಲ್ಲಿ.

ಇಂಥವಳಿಗೆ ಬರೆಯುವ ಹುಚ್ಚು ಹತ್ತಿಸಿದವರು ಗ್ರಂಥಾಲಯದವರು. ಮಹಡಿಯ ಮೇಲೆ ಭಾನುವಾರಗಳಂದು ಬರವಣಿಗೆಯ ಶಿಬಿರ ಇಟ್ಟಿದ್ದರು. ಅವಳು ಹೋದದ್ದು ಅಲ್ಲಿನ ಕಿಟಕಿಗಳ ಅಳತೆ ತೆಗೆಯಲು. ಟೇಪು ಹಿಡಿದು ಸ್ಟೂಲಿನ ಮೇಲೆ ನಿಂತವಳು, ಪಾಠ ಮಾಡುತ್ತಿದ್ದ ಮೇಡಂ ಮಾತು ಕೇಳುತ್ತಾ ಅಳತೆ ಮರೆತಳು, ಇಳಿದು ಹಿಂದಿನ ಬೆಂಚಿನಲ್ಲಿ ಕೂತೇಬಿಟ್ಟಳು. ಮೇಡಂ ಕೊಟ್ಟ ಕೆಲಸ ಕೇಳುವುದಕ್ಕೆ ಸಲೀಸು. ನಿಮ್ಮ ಮನೆಯಲ್ಲಿ ನಿಮ್ಮದೇ ಅನ್ನುವ ಜಾಗದಲ್ಲಿ ಕೂತು, ಆ ಜಾಗದ ಬಗ್ಗೆ ಒಂದು ಪುಟ ಬರೆಯಿರಿ. ಕೊನೆಯ ಭಾನುವಾರ ಎಲ್ಲರೆದುರು ಓದಬೇಕು. ಪುಟ ತಾರದವರು ಕೂತು ಕೇಳಬಹುದು.

ಕೂತು ಕೇಳುವುದು ತನಗೇನು ಹೊಸದೇ ಅಂತ ಅವಳಿಗೆ ಒಳಗೇ ಉರಿಯಿತು. ಈ ಸಲ ತಾನು ಓದಬೇಕು, ಉಳಿದವರು ಕೇಳಬೇಕು. ಹಟ ಹಿಡಿದಳು.

ಹಟ ಹಿಡಿದದ್ದೇನೋ ಸರಿ, ಕೂರುವುದು ಎಲ್ಲಿ? ಅಡುಗೆಮನೆಯಲ್ಲಿ ಕೂತರೆ ಹಾಲು ಉಕ್ಕುತ್ತಿತ್ತು. ಮೆಟ್ಟಿಲ ಮೇಲೆ ಕೂತರೆ ಹತ್ತಿ ಇಳಿಯುವವರೆಲ್ಲ "ಏನಾಯ್ತು, ಗಂಡನ ಜೊತೆ ಜಗಳವಾ?" ಅಂತ ಕನಿಕರ ತೋರಿಸಿದರು. ಬಚ್ಚಲಿಗೆ ಹೊಕ್ಕು ಚಿಲಕ ಹಾಕಿಕೊಂಡರೆ ಮನೆಮಂದಿಗೆಲ್ಲ ಆಗಲೇ ಅವಸರ. ಎರಡು ಸಾಲು ಬರೆಯುವುದು, ಏಳುವುದು, ಹಾಳೆ ಎತ್ತಿಕೊಂಡು ಇನ್ನೊಂದು ಕಡೆ ಹೋಗುವುದು. ಮರಿ ಹಾಕಿದ ಬೆಕ್ಕಿನ ಹಾಗೆ ಮನೆಯೆಲ್ಲ ಸುತ್ತಿದಳು.

ಕಡೆಗೆ ಕೈಯಲ್ಲಿದ್ದ ಕಸುಬೇ ನೆನಪಾಯಿತು. ಅಂಗಡಿಯಲ್ಲಿ ಮಿಕ್ಕಿದ ದಪ್ಪ ಬಟ್ಟೆ ಕೇಳಿ ತಂದು, ಹಜಾರದ ಮೂಲೆಗೆ ಕಂಬಿ ಹಾಕಿಸಿ, ಪರದೆ ಇಳಿಬಿಟ್ಟಳು. ಒಳಗೆ ಒಂದು ಎತ್ತರದ ಸ್ಟೂಲು, ಬರೆಯಲು ಒಂದು ಹಲಗೆ. ಮನೆಮಂದಿಯನ್ನೆಲ್ಲ ಕೂರಿಸಿ ಹೇಳಿದಳು: "ಪರದೆ ಹಾಕಿದ್ರೆ ನಾನು ಮನೇಲಿಲ್ಲ ಅಂದ್ಕೊಳ್ಳಿ. ಯಾರೂ ಕರೀಬೇಡಿ."

ಎಡವಟ್ಟು ಮಾಡಿದ್ದೂ ಅದೇ ಕಸುಬು. ವರ್ಷಗಟ್ಟಲೆ ಕಿಟಕಿಗಳಿಗೆ ಹೊಲಿದ ಕೈ ಇದನ್ನೂ ಎರಡು ಭಾಗವಾಗಿಯೇ ಹೊಲಿದಿತ್ತು, ನಡುವೆ ಸೀಳು ಬಿಟ್ಟು. ಆ ಸೀಳಿನಿಂದ ಮೊದಲು ಮಗಳ ಮುಖ ತೂರಿತು. "ಅಮ್ಮಾ, ಕರೀತಿಲ್ಲ, ಸುಮ್ನೆ ಕೇಳ್ತಿದ್ದೀನಿ. ನನ್ನ ನೀಲಿ ಅಂಗಿ ಎಲ್ಲಿ?" ಆಮೇಲೆ ಗಂಡನ ಕೈ, ಗುಂಡಿ ಕಿತ್ತ ಶರ್ಟಿನ ಸಮೇತ. ಅವಳು ಸಿಟ್ಟಿನಿಂದ ಪರದೆಯ ಎರಡೂ ಭಾಗ ಸೇರಿಸಿ ಮೇಲಿಂದ ಕೆಳಗಿನ ತನಕ ಹೊಲಿದುಬಿಟ್ಟಳು. ಮುಖಗಳು ನಿಂತವು, ದನಿಗಳು ನಿಲ್ಲಲಿಲ್ಲ. ಯಾರು ಕೂಗಿದರೂ "ಬಂದೆ" ಅನ್ನುವ ಮಾತು ಅವಳ ಬಾಯಿಂದ ತಾನಾಗಿ ಉದುರುತ್ತಿತ್ತು. ಬಾಯಿಗೆ ಹೊಲಿಗೆ ಹಾಕಲು ಬರುತ್ತದೆಯೇ?

ಕೊನೆಯ ಭಾನುವಾರದ ಹಿಂದಿನ ದಿನ ಅಂಗಡಿಯಿಂದ ಬೇಗ ಬಿಡಿಸಿಕೊಂಡು ಓಡೋಡಿ ಬಂದಳು. ಬರೆದು ಹೊಡೆದು ಪುಟದಲ್ಲಿ ಉಳಿದದ್ದು ಇನ್ನೂ ಎರಡೇ ಸಾಲು. ಮನೆ ಖಾಲಿಯಿದ್ದಂತೆ ಕಂಡಿತು, ಆದರೆ ಮೂಲೆಯ ಪರದೆ ಎಳೆದಿತ್ತು.

"ಯಾರದು ಒಳಗೆ?"

"ನಾನೇ ಕಣಮ್ಮ." ಅತ್ತೆಯ ದನಿ.

"ಹುಷಾರಾಗಿದ್ದೀರಾ ಅತ್ತೆ? ಏನ್ ಮಾಡ್ತಿದ್ದೀರಿ?"

"ಏನೂ ಇಲ್ಲ, ಕೂತಿದ್ದೀನಿ. ನಿಮ್ಮ ಮಾವ ಹೋದಾಗಿಂದ ಹಜಾರದಲ್ಲೇ ಮಲಗ್ತೀನಲ್ಲ, ಹೋಗೋರು ಬರೋರೆಲ್ಲ ಮುಖ ನೋಡ್ತಾರೆ. ಯಾರ ಕಣ್ಣಿಗೂ ಬೀಳದೆ ಕೂರೋದು ಹೇಗಿರುತ್ತೆ ಅಂತ ನೋಡ್ಬೇಕು ಅನ್ನಿಸ್ತು. ಇನ್ನೊಂಚೂರು ಇರ್ಲಾ?"

ಇರಿ ಅನ್ನಬೇಕಿತ್ತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಬೇಕು. ತನ್ನ ಬಟ್ಟೆ, ತನ್ನ ಹೊಲಿಗೆ, ತನ್ನ ಮೂಲೆ. ಇವರಿಗೆ ಇವತ್ತೇ ಬೇಕಿತ್ತೇ? ಪರದೆ ಸರಿಸಲು ಕೈ ಎತ್ತಿದಳು ಕೂಡ. ಬಟ್ಟೆಯ ಅಂಚಿನ ಕೆಳಗೆ ಅತ್ತೆಯ ಪಾದಗಳು ಕಂಡವು. ಸ್ಟೂಲಿನ ಮೇಲೆ ಕೂತ ಮುದುಕಿ, ನೆಲಕ್ಕೆ ಎಟುಕದ ಕಾಲುಗಳನ್ನು ಮಕ್ಕಳ ಹಾಗೆ ಆಡಿಸುತ್ತಿದ್ದಳು.

"ಇರಿ ಅತ್ತೆ," ಅಂದಳು.

ಹಾಳೆ ಹಿಡಿದು ಅತ್ತೆಯ ಮಂಚದ ತುದಿಗೆ ಕೂತಳು. ಅಲ್ಲಿಂದ ಬೀದಿಬಾಗಿಲು, ಬಚ್ಚಲಬಾಗಿಲು, ಅಡುಗೆಮನೆ ಎಲ್ಲವೂ ಕಾಣುತ್ತಿದ್ದವು. ಅಂದರೆ ಎಲ್ಲ ಕಡೆಯಿಂದಲೂ ಆ ಮಂಚ ಕಾಣುತ್ತಿತ್ತು. ಪೆನ್ನು ಮುಂದೆ ಸಾಗಲಿಲ್ಲ. ಅಷ್ಟರಲ್ಲಿ ಗಂಡ ಬಂದ. ಚಪ್ಪಲಿ ಬಿಡುತ್ತಲೇ, "ಅಮ್ಮ ಎಲ್ಲಿ? ಅಮ್ಮಾ, ನನ್ನ ಟಾರ್ಚು ಎಲ್ಲಿಟ್ಟೆ?" ಅನ್ನುತ್ತಾ ಪರದೆಗೆ ಕೈ ಹಾಕಿದ.

"ರೀ! ಅಲ್ಲೇ ನಿಲ್ಲಿ! ಪರದೆ ಹಾಕಿರೋದು ಕಾಣಲ್ವಾ? ಅವರು ಮನೇಲಿಲ್ಲ."

ಗಂಡ ಬೆಚ್ಚಿಬಿದ್ದ. ಹೆಂಡತಿಯ ಮುಖ ನೋಡಿದ, ಪರದೆಯ ಕೆಳಗಿನ ಪಾದ ನೋಡಿದ, ಅಡುಗೆಮನೆಗೆ ನಡೆದ.

ಅವಳು ಮತ್ತೆ ಹಾಳೆ ಎತ್ತಿಕೊಂಡಳು. ಇಷ್ಟು ಗಟ್ಟಿಯಾಗಿ ತನಗಾಗಿ ಒಂದು ದಿನವಾದರೂ ಕೂಗಿದ್ದಳೇ? ಕರೆಯಬೇಡಿ ಅಂದವಳೂ ತಾನೇ, ಕರೆದಾಗಲೆಲ್ಲ ಎದ್ದು ಓಡಿದವಳೂ ತಾನೇ. ನಾಚಿಕೆಯಾಯಿತು, ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ, ಆ ಮಂಚದ ತುದಿಯಲ್ಲೇ ಬರೆಯತೊಡಗಿದಳು. ಅಕ್ಷರಗಳು ಒಂದರ ಮೇಲೊಂದು ಬಿದ್ದು ಓಡಿದವು.

"ಲೇ, ಸಕ್ಕರೆ ಡಬ್ಬಿ ಎಲ್ಲಿ?" ಅಡುಗೆಮನೆಯಿಂದ ಕೂಗು ಬಂತು.

ಅವಳ ಒಂದು ಕಾಲು ಆಗಲೇ ನೆಲಕ್ಕೆ ಇಳಿದಿತ್ತು. ಅದನ್ನು ಮೇಲೆಳೆದುಕೊಂಡಳು.

"ಹುಡುಕ್ಕೊಳ್ಳಿ," ಅಂದಳು, ತಲೆ ಎತ್ತದೆ, ಹಾಳೆ ಮಗುಚುತ್ತಾ.